ಗಾಲಿಯ ಮೇಲಿನ ಮನೆಯ ಲೆಕ್ಕಾಚಾರ



ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ಸ್ವಿಚ್ಚು ಒತ್ತಿದರೆ ದೀಪ ಹೊತ್ತಿಕೊಳ್ಳುತ್ತದೆ. ಸ್ನಾನದ ನೀರು ಬಚ್ಚಲಿನಿಂದ ಇಳಿದುಹೋದ ಮೇಲೆ ಅದರ ಗತಿ ಏನಾಯಿತೆಂದು ನಾವು ಯಾರೂ ಕೇಳುವುದಿಲ್ಲ. ನೀರಿಗೊಂದು ಮಂಡಳಿ, ವಿದ್ಯುತ್ತಿಗೊಂದು ಕಂಪನಿ, ಚರಂಡಿಗೆ ಪುರಸಭೆ, ಅಡುಗೆ ಅನಿಲಕ್ಕೆ ಏಜೆನ್ಸಿ, ಹೀಗೆ ಎಷ್ಟೋ ಕಚೇರಿಗಳು ನಮ್ಮ ಕಣ್ಣಿಗೆ ಬೀಳದೆ ಕೆಲಸ ಮಾಡುತ್ತಿರುತ್ತವೆ. ಈಗ ಆ ಮನೆಗೆ ಗಾಲಿ ಜೋಡಿಸಿ, ಎಂಜಿನ್ ಕೂಡಿಸಿ, ಊರಿನಿಂದ ಸಾವಿರ ಕಿಲೋಮೀಟರ್ ಆಚೆಯ ಕಾಡಿನಂಚಿಗೆ ಕೊಂಡೊಯ್ದಿರೆಂದು ಭಾವಿಸಿ. ಆ ಎಲ್ಲ ಕಚೇರಿಗಳ ಕೆಲಸವನ್ನೂ ನೀವೇ ನೋಡಿಕೊಳ್ಳಬೇಕಾಗುತ್ತದೆ. ಇಂದಿನ ಮಾತು ಅಂಥ ಮನೆಯನ್ನು ಕುರಿತದ್ದು.

ಅಮೆರಿಕದಲ್ಲಿ ಇದನ್ನು ರಿಕ್ರಿಯೇಷನಲ್ ವೆಹಿಕಲ್, ಚಿಕ್ಕದಾಗಿ ಆರ್.ವಿ. ಎನ್ನುತ್ತಾರೆ. ಬ್ರಿಟನ್ನಿನಲ್ಲಿ ಕ್ಯಾರವಾನ್, ಮೋಟಾರ್‌ಹೋಮ್ ಎಂಬ ಹೆಸರುಗಳು ಬಳಕೆಯಲ್ಲಿವೆ. ಸಿನಿಮಾ ಚಿತ್ರೀಕರಣ ನೋಡಿದವರಿಗೆ ನಟನಟಿಯರ ಕ್ಯಾರವಾನ್ ಪರಿಚಿತವೇ. ಆರ್.ವಿ.ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಎಂಜಿನ್ನೂ ಮನೆಯೂ ಒಂದೇ ಚೌಕಟ್ಟಿನ ಮೇಲಿರುವುದು ಮೋಟಾರ್‌ಹೋಮ್. ಸ್ವಂತ ಎಂಜಿನ್ ಇಲ್ಲದೆ ಕಾರಿನ ಅಥವಾ ಪಿಕಪ್ ಟ್ರಕ್ಕಿನ ಹಿಂದೆ ಕೊಂಡಿಗೆ ಸಿಕ್ಕಿಸಿ ಎಳೆಯುವಂಥದ್ದು ಟ್ರೇಲರ್. ಎರಡರಲ್ಲೂ ಹಾಸಿಗೆ, ಒಲೆ, ರೆಫ್ರಿಜರೇಟರ್, ಶೌಚಾಲಯ, ಸ್ನಾನದ ಜಾಗ ಇರುವುದು ಸಾಮಾನ್ಯ.

ಈ ಹವ್ಯಾಸ ತೀರ ಹೊಸದಲ್ಲ. ಬ್ರಿಟನ್ನಿನಲ್ಲಿ 1885ರಲ್ಲಿ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾಪಡೆ ವೈದ್ಯರು, ಮಕ್ಕಳ ಸಾಹಸಕಥೆಗಳ ಲೇಖಕರೂ ಆಗಿದ್ದವರು, ವಿಹಾರಕ್ಕೆಂದೇ ಒಂದು ದೊಡ್ಡ ಕುದುರೆ ಗಾಡಿ ಮಾಡಿಸಿಕೊಂಡರು. ಅದಕ್ಕೆ 'ವಾಂಡರರ್', ಅಂದರೆ ಅಲೆಮಾರಿ ಎಂದು ಹೆಸರಿಟ್ಟು, ಎರಡು ಕುದುರೆ ಕಟ್ಟಿ, ಇಂಗ್ಲೆಂಡಿನ ಟ್ವೈಫರ್ಡ್‌ನಿಂದ ಸ್ಕಾಟ್ಲೆಂಡಿನ ಇನ್ವರ್‌ನೆಸ್‌ವರೆಗೆ ಪಯಣಿಸಿದರು. ಅವರು ಮಾಡಿಕೊಂಡಿದ್ದ ಒಂದು ಏರ್ಪಾಡು ಗಮನಾರ್ಹ. ಅವರ ಸೇವಕ ಮೂರು ಗಾಲಿಯ ಸೈಕಲ್ ಏರಿ ಗಾಡಿಯ ಮುಂದೆ ಮುಂದೆ ಹೋಗಿ ದಾರಿ ಹೇಗಿದೆಯೆಂದು ನೋಡಿ ಎಚ್ಚರಿಸುತ್ತಿದ್ದ. ದೊಡ್ಡ ಗಾಡಿಯಲ್ಲಿ ಹೊರಟವನು ಮುಂದಿನ ದಾರಿಯನ್ನು ಮೊದಲೇ ತಿಳಿದಿರಬೇಕೆಂಬ ಪಾಠ ಅಂದಿಗೂ ಇಂದಿಗೂ ಒಂದೇ.

ಇದು ನಮಗೇಕೆ ಎಂದು ನೀವು ಕೇಳಬಹುದು. ಅಮೆರಿಕದಲ್ಲಿ ನೆಲಸಿದ ಎಷ್ಟೋ ಕನ್ನಡ ಕುಟುಂಬಗಳು ಬೇಸಿಗೆಯಲ್ಲಿ ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡು, ಮೋಟಾರ್‌ಹೋಮ್ ಬಾಡಿಗೆಗೆ ಪಡೆದು ಯೆಲ್ಲೋಸ್ಟೋನ್ ಕಡೆಗೋ ಗ್ರ್ಯಾಂಡ್ ಕ್ಯಾನ್ಯನ್ ಕಡೆಗೋ ಹೊರಡುವುದುಂಟು. ನಿಮ್ಮ ಅಕ್ಕ ಭಾವನೋ ಚಿಕ್ಕಪ್ಪನೋ ಹಾಗೆ ಹೊರಟಿರಬಹುದು. ನಾಳೆ ನೀವೇ ಹೊರಡಬಹುದು. ಬಾಡಿಗೆಯ ಮೋಟಾರ್‌ಹೋಮನ್ನು ಅಲ್ಲಿ ಹೆಚ್ಚಿನ ಕಡೆ ಸಾಮಾನ್ಯ ಕಾರಿನ ಪರವಾನಗಿಯಲ್ಲೇ ಓಡಿಸಬಹುದು. ಆದ್ದರಿಂದ ಕಾರು ಮಾತ್ರ ಓಡಿಸಿ ಗೊತ್ತಿದ್ದವರು ಒಮ್ಮೆಗೇ ಐದಾರು ಸಾವಿರ ಕಿಲೋಗ್ರಾಂ ತೂಕದ ಮನೆಯನ್ನು ಹೆದ್ದಾರಿಗೆ ಇಳಿಸುತ್ತಾರೆ. ಆಗ ಬೇಕಾಗುವ ತಿಳಿವಳಿಕೆಯ ಬಹುಭಾಗ ನಿಮ್ಮ ಹೈಸ್ಕೂಲು ಮತ್ತು ಪಿ.ಯು.ಸಿ. ವಿಜ್ಞಾನ ಪಠ್ಯದಲ್ಲೇ ಇದೆ. ಲೆಕ್ಕ ಹಾಕಿ ಹೊರಟವರಿಗೆ ಈ ಪ್ರವಾಸದಷ್ಟು ಸ್ವತಂತ್ರವಾದದ್ದು ಇನ್ನೊಂದಿಲ್ಲ. ಲೆಕ್ಕ ತಪ್ಪಿದರೆ ಪ್ರಾಣಾಪಾಯವೂ ಆಗಬಹುದು. ಆ ಲೆಕ್ಕಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ತೂಕದ ಲೆಕ್ಕ. ಪ್ರತಿ ವಾಹನದ ಮೇಲೂ ಅದು ಹೊರಬಹುದಾದ ಗರಿಷ್ಠ ಒಟ್ಟು ತೂಕವನ್ನು ನಮೂದಿಸಿರುತ್ತಾರೆ. ಅದರಲ್ಲಿ ವಾಹನದ ಸ್ವಂತ ತೂಕ ಕಳೆದರೆ ಉಳಿಯುವುದೇ ನಮ್ಮ ಪಾಲು. ತಲಾ 65 ಕಿಲೋ ತೂಗುವ ಆರು ಜನ ಹತ್ತಿದರೆ 390 ಕಿಲೋ ಆಯಿತು. ನೀರಿನ ತೊಟ್ಟಿ 150 ಲೀಟರಿನದಾದರೆ, ಒಂದು ಲೀಟರ್ ನೀರಿಗೆ ಒಂದು ಕಿಲೋ ತಾನೇ, ಇನ್ನೂ 150 ಕಿಲೋ ಸೇರಿತು. ಅಕ್ಕಿ, ಬೇಳೆ, ಪಾತ್ರೆ, ಪೆಟ್ಟಿಗೆಗಳ ತೂಕ ಬೇರೆ. ಹೋಗುವ ಜಾಗದಲ್ಲಿ ಒಳ್ಳೆಯ ನೀರು ಸಿಗುವುದಾದರೆ ದಾರಿಗೆ ಬೇಕಾದಷ್ಟನ್ನೇ ತುಂಬಿಸಿಕೊಳ್ಳುವುದು ಜಾಣತನ. ಭಾರವಾದ ಸಾಮಾನು ತಗ್ಗಿನಲ್ಲಿರಬೇಕು, ಹಗುರವಾದದ್ದು ಮೇಲಿನ ಕಪಾಟುಗಳಲ್ಲಿರಬೇಕು. ಗುರುತ್ವಕೇಂದ್ರ ಮೇಲೇರಿದಷ್ಟೂ ತಿರುವುಗಳಲ್ಲಿ ವಾಹನ ವಾಲುತ್ತದೆ.

ಟ್ರೇಲರ್ ಎಳೆಯುವವರಿಗೆ ತೂಕ ಎಷ್ಟೆಂಬುದರ ಜೊತೆಗೆ ಎಲ್ಲಿ ಎಂಬುದೂ ಮುಖ್ಯ. ಎತ್ತಿನ ಗಾಡಿಗೆ ಹೇರು ಹೇರುವ ರೈತರನ್ನು ನೋಡಿದ್ದೀರಾ? ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳಿನ ಹಗ್ಗ ಬಿಗಿಯುತ್ತದೆ. ಮುಂಭಾರ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಅದಕ್ಕೆ ರೈತ ನೊಗ ಎತ್ತಿ ನೋಡಿ, ಸ್ವಲ್ಪವೇ ಮುಂಭಾರ ಉಳಿಯುವಂತೆ ಮೂಟೆ ಸರಿಸುತ್ತಾನೆ. ಟ್ರೇಲರಿನ ನಿಯಮವೂ ಇದೇ. ಅಮೆರಿಕದ ರೂಢಿಯಂತೆ ಟ್ರೇಲರಿನ ಒಟ್ಟು ತೂಕದ ನೂರಕ್ಕೆ 10ರಿಂದ 15 ಭಾಗ ಮುಂದಿನ ಕೊಂಡಿಯ ಮೇಲೆ ಬೀಳಬೇಕು. 2000 ಕಿಲೋ ಟ್ರೇಲರಿಗೆ 200ರಿಂದ 300 ಕಿಲೋ. ಹಿಂಭಾರವಾದ ಟ್ರೇಲರ್ ವೇಗದಲ್ಲಿ ಅತ್ತಿತ್ತ ಬಾಲ ಆಡಿಸತೊಡಗಿ, ಆಟ ಹೆಚ್ಚಾದರೆ ಮುಂದಿನ ವಾಹನವನ್ನೂ ರಸ್ತೆಯಿಂದ ಆಚೆಗೆ ಎಳೆದುಬಿಡುತ್ತದೆ. ಹಾಗಾದಾಗ ಸ್ಟಿಯರಿಂಗನ್ನು ಗಾಬರಿಯಿಂದ ಎಳೆದಾಡಬಾರದು, ಕಾರಿನ ಬ್ರೇಕನ್ನು ಜೋರಾಗಿ ತುಳಿಯಬಾರದು. ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು ವೇಗ ತಾನಾಗಿ ಇಳಿಯಲು ಬಿಡಬೇಕು. ಟ್ರೇಲರಿಗೆ ಪ್ರತ್ಯೇಕ ಬ್ರೇಕಿನ ಗುಂಡಿ ಇದ್ದರೆ ಅದನ್ನು ಮೆಲ್ಲಗೆ ಒತ್ತಬೇಕು. ವಾಹನ ನಿಂತ ಮೇಲೆ ಸಾಮಾನನ್ನು ಮುಂದಕ್ಕೆ ಸರಿಸಬೇಕು.

ಎರಡನೆಯದು ದಾರಿಯ ಲೆಕ್ಕ. ವಾಹನದ ಎತ್ತರ, ಅಗಲ, ಉದ್ದಗಳನ್ನು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ಚಾಲಕನ ಕಣ್ಣೆದುರು ಅಂಟಿಸಿ. ಛಾವಣಿಯ ಮೇಲೆ ಹವಾನಿಯಂತ್ರಕ ಇದ್ದರೆ ಅದರ ತುದಿಯವರೆಗೂ ಎತ್ತರ ಅಳೆಯಬೇಕು. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಡರ್ಹಮ್ ನಗರದಲ್ಲಿ ರಸ್ತೆಗೆ ಅಡ್ಡಲಾಗಿ ಒಂದು ರೈಲ್ವೆ ಸೇತುವೆ ಇದೆ. ಅದರ ಕೆಳಗಿದ್ದ ತೆರಪು 11 ಅಡಿ 8 ಅಂಗುಲ, ಎಂದರೆ ಸುಮಾರು ಮೂರೂವರೆ ಮೀಟರ್. ಎಚ್ಚರಿಕೆ ಫಲಕಗಳಿದ್ದರೂ ಬಾಡಿಗೆ ಟ್ರಕ್ಕುಗಳೂ ಮೋಟಾರ್‌ಹೋಮ್‌ಗಳೂ ಅದರಡಿ ನುಗ್ಗಿ, ಡಬ್ಬದ ಮುಚ್ಚಳ ಸುಲಿದಂತೆ ಛಾವಣಿ ಕಳೆದುಕೊಳ್ಳುತ್ತಿದ್ದವು. 2019ರಲ್ಲಿ ಸೇತುವೆಯನ್ನು 8 ಅಂಗುಲ ಎತ್ತರಿಸಿದರು. ಆಮೇಲೂ ಡಿಕ್ಕಿಗಳು ಪೂರ್ತಿ ನಿಲ್ಲಲಿಲ್ಲ. ಕಾರು ಓಡಿಸಿ ರೂಢಿಯಾದವರಿಗೆ ತಲೆಯ ಮೇಲೊಂದು ಛಾವಣಿ ಇದೆಯೆಂಬ ನೆನಪೇ ಇರುವುದಿಲ್ಲ. ಪೆಟ್ರೋಲ್ ಬಂಕಿನ ಚಪ್ಪರ, ಉಪಾಹಾರ ಗೃಹದ ಮುಂಚಾಚು, ರಸ್ತೆಯ ಮೇಲೆ ಬಾಗಿದ ಕೊಂಬೆ ಇವೆಲ್ಲ ಅಪಾಯದ ಜಾಗಗಳೇ.

ಉದ್ದಕ್ಕೂ ಮಿತಿ ಇದೆ. ಮೊಂಟಾನಾ ರಾಜ್ಯದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ 'ಗೋಯಿಂಗ್ ಟು ದ ಸನ್' ಎಂಬ ಸುಂದರವಾದ ಬೆಟ್ಟದ ದಾರಿ ಇದೆ. ಅದರ ನಡುವಣ ಕಡಿದಾದ ಭಾಗದಲ್ಲಿ 21 ಅಡಿಗಿಂತ ಉದ್ದವಾದ ಅಥವಾ ಕನ್ನಡಿಗಳೂ ಸೇರಿ 8 ಅಡಿಗಿಂತ ಅಗಲವಾದ ವಾಹನಗಳಿಗೆ ಪ್ರವೇಶವಿಲ್ಲ. ದೊಡ್ಡ ಮೋಟಾರ್‌ಹೋಮಿನಲ್ಲಿ ಹೋದವರು ಅದನ್ನು ಬಿಡಾರದಲ್ಲೇ ನಿಲ್ಲಿಸಿ ಬೇರೆ ವಾಹನದಲ್ಲಿ ಆ ದಾರಿ ನೋಡಬೇಕು. ಇಂಥ ವಿವರಗಳು ಉದ್ಯಾನಗಳ ಅಧಿಕೃತ ಪ್ರಕಟಣೆಗಳಲ್ಲಿ ಇರುತ್ತವೆ. ಹೊರಡುವ ಮುನ್ನ ಅವನ್ನು ಓದುವ ಹೊಣೆಯನ್ನು ಮನೆಯ ಕಿರಿಯರಿಗೆ ವಹಿಸಿದರೆ ಚೆನ್ನ. ಸ್ಟೇಬಲ್ಸ್ ಅವರ ಸೈಕಲ್ ಸವಾರನ ಕೆಲಸ ಅದು.

ಇಳಿಜಾರಿನ ಮಾತು ಇನ್ನೂ ಮುಖ್ಯ. 5500 ಕಿಲೋ ವಾಹನ 600 ಮೀಟರ್ ಎತ್ತರದಿಂದ ಒಂದೇ ವೇಗದಲ್ಲಿ ಇಳಿದು ಬಂತೆನ್ನಿ. ರಾಶಿ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 3 ಕೋಟಿ 20 ಲಕ್ಷ ಜೂಲ್. ಅಷ್ಟು ಶಕ್ತಿಯಲ್ಲಿ ಸುಮಾರು 100 ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಸಬಹುದು. ಗಾಳಿಯ ತಡೆ ಸ್ವಲ್ಪ ಪಾಲು ತೆಗೆದುಕೊಂಡರೂ, ಉಳಿದದ್ದನ್ನೆಲ್ಲ ಬ್ರೇಕಿಗೆ ವಹಿಸಿದರೆ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಆಗುಂಬೆ, ಚಾರ್ಮಾಡಿ ಘಾಟಿಗಳಲ್ಲಿ ಲಾರಿ ಓಡಿಸುವವರು ಹೇಳುವ ಮಾತೊಂದಿದೆ: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಕೆಳ ಗೇರಿನಲ್ಲಿ ಎಂಜಿನ್ನೇ ವಾಹನವನ್ನು ತಡೆದು ಹಿಡಿಯುತ್ತದೆ, ಬ್ರೇಕಿಗೆ ಆಗಾಗ ಬಿಡುವು ಸಿಗುತ್ತದೆ. ರಾಕಿ ಪರ್ವತಗಳ ದಾರಿಗೂ ಅದೇ ಮಾತು ಸಲ್ಲುತ್ತದೆ.

ಟೈರಿನ ಗಾಳಿಯನ್ನು ಬೆಳಿಗ್ಗೆ, ವಾಹನ ಚಲಿಸುವ ಮೊದಲೇ ಪರೀಕ್ಷಿಸಬೇಕು. ಅನಿಲದ ಒತ್ತಡ ಉಷ್ಣತೆಯೊಂದಿಗೆ ಏರುವುದನ್ನು ನೀವು ಓದಿದ್ದೀರಿ. ಬೆಳಿಗ್ಗೆ 10 ಡಿಗ್ರಿಯಲ್ಲಿ ಮಾಪಕ 80 ತೋರಿಸಿದ ಟೈರು 50 ಡಿಗ್ರಿಗೆ ಕಾದಾಗ 93ರ ಆಸುಪಾಸು ತೋರಿಸಬಹುದು. ಹೆಚ್ಚಾಯಿತೆಂದು ಮಧ್ಯಾಹ್ನ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಗಾಳಿ ಕಡಿಮೆಯಾಗಿ, ಟೈರಿನ ಪಕ್ಕಗಳು ಹೆಚ್ಚು ಬಾಗಿ, ಕಾದು ಒಡೆಯುವ ಸಂಭವವಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. 2319 ಎಂದಿದ್ದರೆ ಅದು 2019ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದದ್ದು. ವರ್ಷದ ಬಹುಕಾಲ ನಿಂತೇ ಇರುವ ವಾಹನದ ಟೈರು ಸವೆಯದೆಯೂ ಹಳತಾಗುತ್ತದೆ. ಈ ಗುರುತು ನಿಮ್ಮ ಮನೆಯ ಸ್ಕೂಟರಿನ ಟೈರಿನಲ್ಲೂ ಇರುತ್ತದೆ; ಹುಡುಕಿ ನೋಡಿ.

ಇನ್ನು ಮೂರನೆಯದು ನೀರಿನ ಲೆಕ್ಕ. ಮೋಟಾರ್‌ಹೋಮಿನ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಮೂರು ತೊಟ್ಟಿಗಳಿರುತ್ತವೆ: ಒಳ್ಳೆಯ ನೀರಿನದೊಂದು, ಸ್ನಾನ ಹಾಗೂ ಪಾತ್ರೆ ತೊಳೆದ ನೀರಿನದೊಂದು, ಶೌಚಾಲಯದ್ದೊಂದು. ನಿಮಿಷಕ್ಕೆ 8 ಲೀಟರ್ ಸುರಿಯುವ ಷವರಿನ ಕೆಳಗೆ ಐದು ನಿಮಿಷ ನಿಂತರೆ 40 ಲೀಟರ್ ಆಯಿತು. 150 ಲೀಟರಿನ ತೊಟ್ಟಿ ನಾಲ್ಕು ಜನರ ಸ್ನಾನಕ್ಕೂ ಸಾಲದು. ಮೈ ನೆನೆಸಿಕೊಂಡು, ನೀರು ನಿಲ್ಲಿಸಿ, ಸೋಪು ಹಚ್ಚಿ, ಆಮೇಲೆ ಮತ್ತೆ ನೀರು ಬಿಟ್ಟುಕೊಂಡರೆ ಒಬ್ಬರಿಗೆ ಹತ್ತು ಲೀಟರ್ ಸಾಕು. ಬಕೆಟ್ಟು ಚೊಂಬಿನಲ್ಲಿ ಮಿಂದು ಬೆಳೆದ ನಮಗೆ ಇದು ಕಷ್ಟವಾಗಬಾರದು. ಬಳಸಿದ ನೀರಿನ ತೊಟ್ಟಿ ತುಂಬಿದರೆ ಬಚ್ಚಲಿನಲ್ಲಿ ನೀರು ಮೇಲೆ ಬರುತ್ತದೆ ಎಂಬುದೂ ನೆನಪಿರಲಿ. ಸಾರು ಪಲ್ಯಗಳ ಎಣ್ಣೆ ಜಿಡ್ಡು, ಅನ್ನದ ಅಗುಳು ಆ ತೊಟ್ಟಿಗೆ ಸೇರಿದರೆ ಕೊಳೆತು ನಾರುತ್ತವೆ. ತಟ್ಟೆಯನ್ನು ಮೊದಲು ಕಾಗದದಿಂದ ಒರೆಸಿ ಆಮೇಲೆ ತೊಳೆಯಬೇಕು.

ಶೌಚದ ತೊಟ್ಟಿಯ ಮಾತಾಡಲು ಸಂಕೋಚ ಬೇಡ. ಎಲ್ಲರೂ ಬಳಸುತ್ತಾರೆ, ಯಾರಾದರೊಬ್ಬರು ಖಾಲಿ ಮಾಡಲೇಬೇಕು. ಬಿಡಾರದಲ್ಲಿ ಚರಂಡಿಯ ಕೊಳವೆಗೆ ಜೋಡಿಸಿದ್ದರೂ ಆ ತೊಟ್ಟಿಯ ಕವಾಟವನ್ನು ಮುಚ್ಚಿಯೇ ಇಡಬೇಕು. ತೆರೆದಿಟ್ಟರೆ ದ್ರವ ಹರಿದುಹೋಗಿ ಗಟ್ಟಿ ಪದಾರ್ಥ ಒಳಗೇ ಗುಡ್ಡೆಯಾಗಿ ಒಣಗುತ್ತದೆ. ಧಾರಾಳವಾಗಿ ನೀರು ಹಾಕಬೇಕು. ಚೊಂಬಿನ ನೀರು ಬಳಸುವ ನಮ್ಮ ಪದ್ಧತಿ ಇಲ್ಲಿ ತೊಟ್ಟಿಗೂ ಹಿತವೇ. ಮುಕ್ಕಾಲು ತುಂಬಿದ ಮೇಲೆ, ಅದಕ್ಕೆಂದೇ ಇರುವ ಸ್ಥಳದಲ್ಲಿ, ಕೈಗೆ ರಬ್ಬರ್ ಗವಸು ಹಾಕಿಕೊಂಡು ಮೊದಲು ಶೌಚದ ತೊಟ್ಟಿಯನ್ನೂ ಆಮೇಲೆ ಸ್ನಾನದ ನೀರಿನ ತೊಟ್ಟಿಯನ್ನೂ ಬಿಡಬೇಕು. ಎರಡನೆಯ ನೀರು ಕೊಳವೆಯನ್ನು ತೊಳೆದುಕೊಂಡು ಹೋಗುತ್ತದೆ. ಕುಡಿಯುವ ನೀರಿನ ಕೊಳವೆಯನ್ನು ಈ ಕೆಲಸಕ್ಕೆ ಎಂದೂ ಬಳಸಬಾರದು. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಲೂಬಾರದು. ಬಯಲಿನಲ್ಲಿ, ಹೊಳೆಯ ದಡದಲ್ಲಿ ತೊಟ್ಟಿ ಖಾಲಿ ಮಾಡುವುದು ಅಪರಾಧ. ಕೆಳಗೆ ಯಾರೋ ಆ ನೀರು ಕುಡಿಯುತ್ತಾರೆ.

ನಾಲ್ಕನೆಯದು ವಿದ್ಯುತ್ತಿನ ಲೆಕ್ಕ. ಅಮೆರಿಕದ ಬಿಡಾರಗಳಲ್ಲಿ ಸಿಗುವ ಸಾಮಾನ್ಯ ಸಂಪರ್ಕ 120 ವೋಲ್ಟ್, 30 ಆಂಪಿಯರ್. ಗುಣಿಸಿದರೆ 3600 ವಾಟ್. ಹವಾನಿಯಂತ್ರಕಕ್ಕೆ 1500, ಮೈಕ್ರೋವೇವ್ ಒಲೆಗೆ 1500, ಅದರ ಜೊತೆಗೆ 1000 ವಾಟಿನ ಕಾಫಿ ಯಂತ್ರ. ಒಟ್ಟು 4000 ಆಯಿತು, ಸಂಪರ್ಕ ಕಡಿದುಹೋಯಿತು. ಮೂರನ್ನೂ ಒಂದಾದ ಮೇಲೊಂದು ನಡೆಸಿದರೆ ತೊಂದರೆಯಿಲ್ಲ. ದೂರದರ್ಶನದ ಹೊರಾಂಗಣ ಪ್ರಸಾರದ ವ್ಯಾನಿನಲ್ಲಿ ಕೆಲಸ ಮಾಡುವ ನಾವೂ ದೀಪಗಳನ್ನು ಹಚ್ಚುವ ಮೊದಲು ಹೀಗೆಯೇ ಕೂಡಿ ನೋಡುತ್ತೇವೆ.

ಊರಿನಿಂದ ವಿದ್ಯುತ್ ಉಪಕರಣ ಕೊಂಡೊಯ್ಯುವವರು ಇನ್ನೊಂದು ಲೆಕ್ಕ ಮಾಡಬೇಕು. ನಮ್ಮಲ್ಲಿ 230 ವೋಲ್ಟ್, ಅಲ್ಲಿ 120. ಶಕ್ತಿಯ ದರ ವೋಲ್ಟೇಜಿನ ವರ್ಗಕ್ಕೆ ಅನುಗುಣ. ಆದ್ದರಿಂದ ಇಲ್ಲಿ 1000 ವಾಟ್ ಕೊಡುವ ನೀರು ಕಾಯಿಸುವ ಸರಳು ಅಲ್ಲಿ ಸುಮಾರು 270 ವಾಟ್ ಮಾತ್ರ ಕೊಡುತ್ತದೆ. ಮಿಕ್ಸಿಯೂ ಸರಿಯಾಗಿ ತಿರುಗದು. ಚಟ್ನಿಪುಡಿಯನ್ನು ಮನೆಯಲ್ಲೇ ಮಾಡಿಕೊಂಡು ಹೋಗುವುದು ವಾಸಿ.

ವಿದ್ಯುತ್ ಸಂಪರ್ಕವಿಲ್ಲದ ಕಡೆ ಬ್ಯಾಟರಿಯೇ ಗತಿ. 12 ವೋಲ್ಟಿನ, 100 ಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿರುವುದು 1200 ವಾಟ್ ಗಂಟೆ. ಸೀಸ-ಆಮ್ಲದ ಬ್ಯಾಟರಿಯಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು, ಆಯುಷ್ಯ ಕುಗ್ಗುತ್ತದೆ. ಹಾಗಾಗಿ ಕೈಗೆ ಸಿಗುವುದು 600. ಲಿಥಿಯಂ ಬ್ಯಾಟರಿಯಲ್ಲಿ ಇನ್ನೂ ಹೆಚ್ಚು ಪಾಲು ಬಳಸಬಹುದು. 700 ವಾಟಿನ ರೈಸ್ ಕುಕ್ಕರ್ ಒಂದು ಗಂಟೆಯೊಳಗೆ ಆ 600ನ್ನು ಮುಗಿಸಿಬಿಡುತ್ತದೆ. ಅದೇ 600ರಲ್ಲಿ 5 ವಾಟಿನ ನಾಲ್ಕು ದೀಪಗಳು 30 ಗಂಟೆ ಬೆಳಗುತ್ತವೆ. ಶಾಖ ಬೇಕಾದ ಕೆಲಸವನ್ನು ಅನಿಲಕ್ಕೆ ಬಿಟ್ಟು, ಬ್ಯಾಟರಿಯನ್ನು ಬೆಳಕಿಗೂ ಫ್ಯಾನಿಗೂ ಉಳಿಸಿಕೊಳ್ಳುವುದು ಈ ಮನೆಯ ಗೃಹಕೃತ್ಯದ ಸೂತ್ರ.

ಹಲವು ಆರ್.ವಿ.ಗಳ ರೆಫ್ರಿಜರೇಟರ್ ಕೂಡ ಅನಿಲದ ಜ್ವಾಲೆಯಿಂದ ನಡೆಯುತ್ತದೆ. ಬೆಂಕಿಯಿಂದ ತಂಪು ಹೇಗೆ ಎಂದು ಆಶ್ಚರ್ಯವೇ? ಅದರಲ್ಲಿ ತಿರುಗುವ ಭಾಗಗಳೇ ಇಲ್ಲ. ಅಮೋನಿಯ, ನೀರು, ಹೈಡ್ರೊಜನ್ ಇವು ಮುಚ್ಚಿದ ಕೊಳವೆಗಳಲ್ಲಿ ಶಾಖದ ಬಲದಿಂದ ಸುತ್ತುತ್ತ ಒಳಗಿನ ಬಿಸಿಯನ್ನು ಹೊರಗೆ ಸಾಗಿಸುತ್ತವೆ. ಇದನ್ನು 1922ರಲ್ಲಿ ರೂಪಿಸಿದವರು ಸ್ಟಾಕ್‌ಹೋಮಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್‌ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್. ನಿಮ್ಮಂಥ ವಿದ್ಯಾರ್ಥಿಗಳ ಕೆಲಸ ಒಂದು ಶತಮಾನ ದಾಟಿಯೂ ಹಾಲು ಕೆಡದಂತೆ ಕಾಯುತ್ತಿದೆ. ಆದರೆ ದ್ರವವು ಅಲ್ಲಿ ತನ್ನ ಭಾರದಿಂದಲೇ ಇಳಿಯಬೇಕಾದ್ದರಿಂದ, ವಾಹನ ಓರೆಯಾಗಿ ನಿಂತರೆ ಪರಿಚಲನೆ ಕೆಟ್ಟು ರೆಫ್ರಿಜರೇಟರ್ ಹಾಳಾಗಬಹುದು. ಅದಕ್ಕೆ ಬಿಡಾರ ತಲುಪಿದ ಕೂಡಲೇ ಗಾರೆಯವರು ಬಳಸುವ ರಸಮಟ್ಟದಂಥದನ್ನು ನೆಲದ ಮೇಲಿಟ್ಟು, ತಗ್ಗಿನ ಕಡೆಯ ಗಾಲಿಗಳನ್ನು ಹಲಗೆಯ ಮೇಲೆ ಹತ್ತಿಸಿ ಮನೆಯನ್ನು ಸಮಮಟ್ಟಕ್ಕೆ ತರಬೇಕು. ಆಮೇಲೆ ಗಾಲಿಗಳಿಗೆ ಅಡ್ಡ ಕೊಡಬೇಕು.

ಐದನೆಯ ಲೆಕ್ಕವನ್ನು ವಿಶೇಷ ಗಮನವಿಟ್ಟು ಕೇಳಿ. ಇದು ಅನಿಲ ಮತ್ತು ಉಸಿರಾಟದ ಲೆಕ್ಕ. ಆರ್.ವಿ.ಗಳಲ್ಲಿ ಬಳಸುವುದು ಪ್ರೊಪೇನ್. ಬ್ಯೂಟೇನಿನ ಕುದಿಬಿಂದು ಸೊನ್ನೆ ಡಿಗ್ರಿಯ ಹತ್ತಿರವಿರುವುದರಿಂದ ಹಿಮ ಬೀಳುವ ಕಡೆ ಅದು ಆವಿಯಾಗದು. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೇ ಕುದಿಯುತ್ತದೆ. ಪ್ರೊಪೇನಿನ ಅಣುತೂಕ 44, ಗಾಳಿಯ ಸರಾಸರಿ 29. ಆದ್ದರಿಂದ ಸೋರಿದ ಪ್ರೊಪೇನ್ ನೆಲಕ್ಕೆ ಇಳಿದು ಮೂಲೆಗಳಲ್ಲಿ ಸೇರಿಕೊಳ್ಳುತ್ತದೆ. ಅದರ ಸೋರಿಕೆ ತಿಳಿಸುವ ಉಪಕರಣವನ್ನು ನೆಲದ ಹತ್ತಿರವೇ ಇಟ್ಟಿರುವುದು ಇದಕ್ಕಾಗಿಯೇ. ಅದರ ಮುಂದೆ ಚೀಲ ಒಡ್ಡಬಾರದು. ಇಂಧನ ತುಂಬಿಸಲು ಬಂಕಿಗೆ ಹೋಗುವ ಮೊದಲು ಎಲ್ಲ ಜ್ವಾಲೆಗಳನ್ನೂ ಆರಿಸಿ, ಸಿಲಿಂಡರಿನ ಕವಾಟ ಮುಚ್ಚಬೇಕು.

ಪ್ರೊಪೇನಿಗೆ ವಾಸನೆ ಬೆರೆಸಿರುತ್ತಾರೆ. ಅದು ಅರೆಬರೆ ಉರಿದಾಗ, ಜನರೇಟರಿನ ಹೊಗೆಯಲ್ಲಿ, ಇದ್ದಿಲಿನ ಕೆಂಡದಲ್ಲಿ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅದರ ಅಣುತೂಕ 28, ಗಾಳಿಯದಕ್ಕೆ ಹೆಚ್ಚುಕಡಿಮೆ ಸಮ. ಕೋಣೆಯ ತುಂಬ ಬೆರೆತುಕೊಳ್ಳುತ್ತದೆ. ರಕ್ತದ ಹಿಮೋಗ್ಲೋಬಿನ್ ಆಕ್ಸಿಜನ್ನಿಗಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮಲಗಿದವರು ಮಲಗಿದ ಹಾಗೆಯೇ ಸಾಯಬಹುದು. ಚಳಿಯೆಂದು ಅಡುಗೆ ಒಲೆ ಹಚ್ಚಿ ವಾಹನ ಬೆಚ್ಚಗೆ ಮಾಡಬಾರದು. ಕೆಂಡದ ಒಲೆಯನ್ನು ಒಳಗೆ ತರಬಾರದು. ಜನರೇಟರ್ ಓಡಿಸಿಕೊಂಡು ನಿದ್ದೆ ಮಾಡಬಾರದು; ಪಕ್ಕದ ವಾಹನದ ಹೊಗೆ ನಮ್ಮ ಕಿಟಕಿಗೆ ಬರುತ್ತಿದೆಯೇ ಎಂದೂ ನೋಡಬೇಕು. ಅಡುಗೆ ಮಾಡುವಾಗ ಛಾವಣಿಯ ಕಿಂಡಿ ತೆರೆದಿರಲಿ. ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆಯನ್ನು ವಾಹನ ಪಡೆಯುವಾಗಲೇ ಒತ್ತಿ ಪರೀಕ್ಷಿಸಬೇಕು. ಮನೆಮಂದಿಗೆಲ್ಲ ಒಟ್ಟಿಗೆ ತಲೆನೋವು, ವಾಕರಿಕೆ ಬಂದರೆ ಊಟದ ದೋಷವೆಂದು ಕೂರದೆ ಮೊದಲು ಎಲ್ಲರೂ ಬಯಲಿಗೆ ಬರಬೇಕು. ಆಮೇಲೆ 911ಕ್ಕೆ ಕರೆ ಮಾಡಬೇಕು. ಇಂದಿನ ಮಾತಿನಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ.

ಇನ್ನು ಅಡುಗೆ ಮತ್ತು ನೆರೆಹೊರೆ. ಯೆಲ್ಲೋಸ್ಟೋನ್ ಉದ್ಯಾನದ ಫಿಷಿಂಗ್ ಬ್ರಿಜ್ ಬಿಡಾರ ಸಮುದ್ರಮಟ್ಟದಿಂದ ಸುಮಾರು 2360 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು ಕುದಿಯುವುದು 92 ಡಿಗ್ರಿಯ ಆಸುಪಾಸಿನಲ್ಲಿ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ನಮ್ಮವರು ಎಲ್ಲಿಗೆ ಹೋದರೂ ಪ್ರೆಷರ್ ಕುಕ್ಕರ್ ಹೊತ್ತೊಯ್ಯುತ್ತಾರೆಂದು ನಗುವವರಿದ್ದಾರೆ. ಅಲ್ಲಿ ಅದು ಅನಿಲವನ್ನೂ ಹೊತ್ತನ್ನೂ ಉಳಿಸುವ ಸರಿಯಾದ ಪಾತ್ರೆ.

ಅದೇ ಬಿಡಾರದಲ್ಲಿ ಬಟ್ಟೆಯ ಡೇರೆಗಳಿಗೆ ಅವಕಾಶವಿಲ್ಲ. ಗಟ್ಟಿ ಗೋಡೆಯ ವಾಹನಗಳಿಗೆ ಮಾತ್ರ. ಕಾರಣ, ಅದು ಕರಡಿಗಳು ಓಡಾಡುವ ಜಾಗ. ಒಗ್ಗರಣೆಯ ಘಮ ನಮಗಿಂತ ಕರಡಿಗೆ ಚೆನ್ನಾಗಿ ತಿಳಿಯುತ್ತದೆ. ಉಂಡ ತಟ್ಟೆ, ಹಣ್ಣಿನ ಸಿಪ್ಪೆ, ಐಸ್ ಪೆಟ್ಟಿಗೆ ಯಾವುದನ್ನೂ ಹೊರಗೆ ಬಿಡಬಾರದು. ಮನುಷ್ಯರ ಊಟದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರಬಹುದು. ಉದ್ಯಾನದ ನಿಯಮದಂತೆ ಕರಡಿ ತೋಳಗಳಿಂದ 91 ಮೀಟರ್, ಕಾಡುಕೋಣವನ್ನು ಹೋಲುವ ಬೈಸನ್ ಮೊದಲಾದ ಪ್ರಾಣಿಗಳಿಂದ 23 ಮೀಟರ್ ದೂರವಿರಬೇಕು. ಮೆಲ್ಲಗೆ ಮೇಯುವಂತೆ ಕಾಣುವ ಬೈಸನ್ ಮನುಷ್ಯನ ಮೂರರಷ್ಟು ವೇಗದಲ್ಲಿ ಓಡಬಲ್ಲದು.

ಸೌದೆಯ ವಿಷಯದಲ್ಲೂ ಒಂದು ನಿಯಮ: ಎಲ್ಲಿ ಉರಿಸುತ್ತೀರೋ ಅಲ್ಲೇ ಕೊಳ್ಳಿ. ಏಷ್ಯಾ ಮೂಲದ ಎಮರಾಲ್ಡ್ ಆಶ್ ಬೋರರ್ ಎಂಬ ಮರಕೊರಕ ಹುಳು 2002ರಲ್ಲಿ ಮಿಶಿಗನ್ ರಾಜ್ಯದಲ್ಲಿ ಪತ್ತೆಯಾಯಿತು. ವಿಹಾರಕ್ಕೆ ಹೋಗುವವರು ಹೊತ್ತೊಯ್ದ ಸೌದೆಯ ತೊಗಟೆಯಡಿ ಅಡಗಿ ಅದು ದೂರದೂರಕ್ಕೆ ಹಬ್ಬಿತು. ಕೋಟಿಗಟ್ಟಲೆ ಆಶ್ ಮರಗಳು ಸತ್ತವು. ನೆರೆಯವರ ವಿಷಯದಲ್ಲಿ ಹೇಳುವುದಾದರೆ, ಬಹುತೇಕ ಬಿಡಾರಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ಹತ್ತು ಅಡಿ ಆಚೆ ಇನ್ನೊಂದು ಮನೆಯ ಮಕ್ಕಳು ಮಲಗಿರುತ್ತವೆ.

ಕೊನೆಗೆ ಒಂದು ಪಟ್ಟಿ. ಹೊರಡುವ ಪ್ರತಿ ಬೆಳಿಗ್ಗೆ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮುಟ್ಟಿ ನೋಡಿ ಉತ್ತರಿಸಬೇಕು. ನೀರಿನ ಕೊಳವೆ ಬಿಚ್ಚಿದೆಯೇ? ವಿದ್ಯುತ್ ತಂತಿ ಸುತ್ತಿಟ್ಟಿದೆಯೇ? ಚರಂಡಿಯ ಕವಾಟ ಮುಚ್ಚಿದೆಯೇ? ಅನಿಲ ಮುಚ್ಚಿದೆಯೇ? ಮೆಟ್ಟಿಲು ಮಡಚಿದೆಯೇ? ನೆರಳಿನ ಪರದೆ ಸುತ್ತಿದೆಯೇ? ಗಾಲಿಯ ಅಡ್ಡ ತೆಗೆದಿದೆಯೇ? ಕಪಾಟುಗಳಿಗೆ ಅಗುಳಿ ಬಿದ್ದಿದೆಯೇ? ಎಲ್ಲರೂ ಸೀಟ್ ಬೆಲ್ಟ್ ಹಾಕಿಕೊಂಡಿದ್ದಾರೆಯೇ? ಓಡುವ ವಾಹನದಲ್ಲಿ ಹಾಸಿಗೆ ಮಲಗಲಿಕ್ಕಿಲ್ಲ, ಒಲೆ ಹಚ್ಚಲಿಕ್ಕಿಲ್ಲ. ಕೊನೆಯಲ್ಲಿ ವಾಹನದ ಸುತ್ತ ಒಂದು ಪ್ರದಕ್ಷಿಣೆ. ಹಿಂದಕ್ಕೆ ತೆಗೆಯುವಾಗ ಒಬ್ಬರು ಇಳಿದು ನಮ್ಮ ಬಸ್ಸಿನ ಕಂಡಕ್ಟರರಂತೆ ರೈಟ್, ಹೋಲ್ಡಾನ್ ಹೇಳಬೇಕು. ಹೇಳುವವರು ಕನ್ನಡಿಯಲ್ಲಿ ಕಾಣದಾದರೆ ಚಾಲಕ ಆ ಕ್ಷಣವೇ ನಿಲ್ಲಿಸಬೇಕು.

ಮಿತ್ರರೇ, ನಮ್ಮ ದೇಶದಲ್ಲೂ ಈ ಬಗೆಯ ಪ್ರವಾಸ ಮೆಲ್ಲಗೆ ಕಾಲೂರುತ್ತಿದೆ. ನೆರೆಯ ಕೇರಳ 2021ರಲ್ಲಿ ಇದಕ್ಕೆಂದೇ ಒಂದು ನೀತಿ ಪ್ರಕಟಿಸಿತು. ನಿಮಗೆ ಇಂಥ ವಾಹನ ಏರುವ ಅವಕಾಶ ಬರುವವರೆಗೆ ಕಾಯಬೇಕಾಗಿಲ್ಲ. ಬರುವ ಭಾನುವಾರ ನಿಮ್ಮ ಮನೆಯೇ ಗಾಲಿಯ ಮೇಲಿದೆಯೆಂದು ಭಾವಿಸಿ ಒಂದು ದಿನದ ಲೆಕ್ಕ ಬರೆಯಿರಿ. ಎಷ್ಟು ಬಕೆಟ್ ನೀರು ಖರ್ಚಾಯಿತು, ಮೀಟರು ಎಷ್ಟು ಯೂನಿಟ್ ಓಡಿತು, ಕಸದ ಬುಟ್ಟಿ ಎಷ್ಟು ತೂಗಿತು, ಬಚ್ಚಲಿನ ನೀರು ಎಲ್ಲಿಗೆ ಹೋಯಿತು, ಒಂದೊಂದನ್ನೂ ಅಳೆದು ನೋಡಿ. ಊರಿನ ಕೆರೆಗೂ ಮನೆಯ ನಲ್ಲಿಗೂ ನಡುವಿನ ದಾರಿ ಆಗ ನಿಮಗೆ ಕಾಣತೊಡಗುತ್ತದೆ. ಹೊರದೇಶದಲ್ಲಿರುವ ಅಕ್ಕನೋ ಅಣ್ಣನೋ ಮೋಟಾರ್‌ಹೋಮಿನಲ್ಲಿ ಹೊರಡುವ ಸುದ್ದಿ ಹೇಳಿದರೆ, ಎಚ್ಚರಿಕೆ ಗಂಟೆ ಪರೀಕ್ಷಿಸಿದಿರಾ ಎಂದು ಕೇಳುವುದನ್ನು ಮರೆಯಬೇಡಿ.